ದುಭಾಷಿಯ ಕುರ್ಚಿ

ದುಭಾಷಿಯ ಕುರ್ಚಿಯನ್ನು ರೋಗಿಯ ಭುಜದ ಹಿಂದೆ, ಒಂದು ಮೊಳ ದೂರದಲ್ಲಿ ಹಾಕಬೇಕು. ತರಬೇತಿಯ ಮೊದಲನೆಯ ಶನಿವಾರವೇ ನಮಗೆ ಇದನ್ನು ಹೇಳಿಕೊಟ್ಟಿದ್ದರು. ಹಾಗೆ ಕೂತರೆ ಡಾಕ್ಟರು ಮತ್ತು ರೋಗಿ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಮಾತಾಡುತ್ತಾರೆ. ನಡುವೆ ಇನ್ನೊಬ್ಬಳಿದ್ದಾಳೆ ಎಂಬುದು ಸ್ವಲ್ಪ ಹೊತ್ತಿನಲ್ಲಿ ಇಬ್ಬರಿಗೂ ಮರೆತುಹೋಗುತ್ತದೆ. ರೋಗಿ ‘ನನಗೆ ಹೊಟ್ಟೆನೋವು’ ಎಂದರೆ ಇಂಗ್ಲಿಷಿನಲ್ಲೂ ‘ನನಗೆ ಹೊಟ್ಟೆನೋವು’ ಎಂದೇ ಹೇಳಬೇಕು, ‘ಅವರಿಗೆ ಹೊಟ್ಟೆನೋವಂತೆ’ ಎನ್ನಬಾರದು. ಆ ಕೋಣೆಯಲ್ಲಿ ದುಭಾಷಿಗೆ ತನ್ನದೆಂಬ ‘ನಾನು’ ಇರುವುದಿಲ್ಲ. ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು. ರೋಗಿಗೆ ಫೋನ್ ನಂಬರ್ ಕೊಡಬಾರದು, ಅವರ ಮನೆಗೆ ಹೋಗಬಾರದು.

ಐದು ಶನಿವಾರಗಳ ತರಬೇತಿ ಅದು. ಪರೀಕ್ಷೆಯಲ್ಲಿ ನಾನು ಒಂದೂ ತಪ್ಪು ಮಾಡಲಿಲ್ಲ.

ಆಗ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ನಮಗೆ ಮಕ್ಕಳಿಲ್ಲ. ಅಮೆರಿಕದ ವಾಲ್ನಟ್ ಕ್ರೀಕ್ ಎಂಬ ಊರಿನ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದೇ ಕೋಣೆಯ ಅಪಾರ್ಟ್‌ಮೆಂಟಿಗೆ ಬಂದಿದ್ದೆ. ಒಂದು ಬುಧವಾರ ಗ್ರೋಸರಿಯಲ್ಲಿ ಬಿಲ್ಲು ಹಾಕುವ ಹುಡುಗಿ ಚೀಲ ಬೇಕಾ ಎಂದು ಕೇಳಿದಳು. ಬೇಡ ಎನ್ನಲು ಹೋದರೆ ಸ್ವರ ಹೊರಡಲಿಲ್ಲ. ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹೇಳಬೇಕಾಯಿತು. ಕಾರಿಗೆ ಬಂದು ಲೆಕ್ಕ ಹಾಕಿದೆ: ಭಾನುವಾರದಿಂದ ನಾನು ಯಾರೊಡನೆಯೂ ಮಾತೇ ಆಡಿರಲಿಲ್ಲ. ಆಸ್ಪತ್ರೆಗೆ ಕನ್ನಡ, ತುಳು ಬಲ್ಲ ಸ್ವಯಂಸೇವಕರು ಬೇಕಂತೆ ಎಂದು ಯಾರೋ ಹಿಂದೆ ಹೇಳಿದ್ದು ನೆನಪಾದದ್ದು ಆವತ್ತು. ಸೇವೆಯ ಹಂಬಲದಿಂದ ಹೋದೆ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಮಾತಾಡಲು ಹೋದೆ.

ಅಮ್ಮ ರೋಗಿಯಾಗಿ ಆಸ್ಪತ್ರೆಗೆ ಬಂದದ್ದು ಅದರ ಮರುವರ್ಷದ ಜನವರಿಯಲ್ಲಿ. ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದುದರಿಂದ ಇಲ್ಲಿಯೂ ಹಾಗೇ ಬರೆಯುತ್ತೇನೆ. ವಯಸ್ಸು ಎಪ್ಪತ್ತೆಂಟು, ಊರು ಕಾರ್ಕಳದ ಹತ್ತಿರ. ಗಂಡ ಹೋದ ಮೇಲೆ ವರ್ಷದಲ್ಲಿ ಆರು ತಿಂಗಳು ಮಗಳ ಮನೆ, ಆರು ತಿಂಗಳು ಊರು. ಆ ಸಲ ಬಂದವರಿಗೆ ಊಟ ಸೇರದೆ, ಮೈ ಇಳಿದು, ಪರೀಕ್ಷೆ ಮಾಡಿಸಿದಾಗ ಹೊಟ್ಟೆಯ ಆಳದಲ್ಲಿ ಕ್ಯಾನ್ಸರ್ ಇರುವುದು ಕಂಡಿತ್ತು. ಆಸ್ಪತ್ರೆಯ ಕಾಗದದಲ್ಲಿ ಅವರ ಭಾಷೆ ಕನ್ನಡ ಎಂದು ಬರೆದಿತ್ತು. ಮೊದಲ ಭೇಟಿಯಲ್ಲಿ ಫೋನಿನಲ್ಲಿ ಕನ್ನಡದ ದುಭಾಷಿಯನ್ನು ಕರೆಸಿದ್ದರಂತೆ. ಅಮ್ಮ ಎರಡು ಮಾತಾಡಿ, ಆ ಫೋನನ್ನು ಮಗಳ ಕಡೆ ತಳ್ಳಿ ಸುಮ್ಮನಾದರಂತೆ. ಅವರಿಗೆ ಕನ್ನಡ ಬರುತ್ತಿತ್ತು, ಆದರೆ ನೋವನ್ನು ಹೇಳುವ ಭಾಷೆ ತುಳು. ತುಳು ಆ ಫೋನಿನ ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ನನ್ನನ್ನು ಕರೆದರು. ಅಮ್ಮ ಆಡಿದ್ದನ್ನು ಇಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅರ್ಥ ಬದಲಾಗದ ಹಾಗೆ ನೋಡಿಕೊಂಡಿದ್ದೇನೆ.

ಡಾಕ್ಟರು ಚಿಕ್ಕ ವಯಸ್ಸಿನವರು, ಎತ್ತರದ ಆಳು. ಗಾಲಿ ಇರುವ ಸ್ಟೂಲನ್ನು ಎಳೆದುಕೊಂಡು ಅಮ್ಮನ ಮೊಣಕಾಲಿನ ಎದುರು ಬಂದು ಕೂತರು. ನಾನು ಭುಜದ ಹಿಂದೆ ಒಂದು ಮೊಳ ದೂರದಲ್ಲಿದ್ದೆ.

ಅಮ್ಮನ ಮೊದಲ ಮಾತು, “ಇವರಿಗೆ ಮದುವೆ ಆಗಿದೆಯಾ ಕೇಳು.”

ನಿಯಮದಂತೆ ಹಾಗೇ ಹೇಳಿದೆ. ಡಾಕ್ಟರು ನಕ್ಕು, ಇಲ್ಲ, ಯಾರಾದರೂ ಇದ್ದಾರಾ ಎಂದರು.

“ನಾನೇ ಉಂಟಲ್ಲ,” ಎಂದರು ಅಮ್ಮ. “ಹಲ್ಲು ಕಟ್ಟಿಸಿಕೊಂಡರೆ ಸಾಕು.”

ಅದನ್ನೂ ಹೇಳಿದೆ. ಡಾಕ್ಟರು ತಲೆ ಹಿಂದಕ್ಕೆ ಹಾಕಿ ನಕ್ಕರು. ಅಮ್ಮ ಹಿಂದೆ ತಿರುಗಿ ನನ್ನನ್ನು ನೋಡಿದರು. “ನಿನ್ನ ಇಂಗ್ಲಿಷು ಲಾಯ್ಕ್ ಉಂಟು ಮಾರಾಯ್ತಿ. ನಾನೇ ಮಾತಾಡಿದ ಹಾಗೆ ಆಗ್ತದೆ. ಶಾಲೆಗೆ ಹೋಗದೆ ಪಾಸಾದೆ ನೋಡು.”

ಆ ಕೋಣೆಯಲ್ಲಿ ನಾನು ಏನನ್ನೂ ಸೇರಿಸದೆ, ಏನನ್ನೂ ಬಿಡದೆ ಹೇಳಿದ ಮಾತುಗಳು ಇವಿಷ್ಟೇ ಎಂದು ಈಗ ಅನ್ನಿಸುತ್ತದೆ. ಸ್ವಲ್ಪ ಹೆಚ್ಚು ಇರಬಹುದು, ಬಹಳ ಹೆಚ್ಚಲ್ಲ.

ಡಾಕ್ಟರು ಸ್ಕ್ಯಾನ್ ಚಿತ್ರಗಳ ವರದಿ ತರಲು ಹೊರಗೆ ಹೋದಾಗ ಮಗಳು ನನ್ನನ್ನು ಕಾರಿಡಾರಿಗೆ ಕರೆದಳು. ಅವಳು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ವಿಜ್ಞಾನಿ. ಆ ದಿನ ಅರ್ಧ ರಜೆ ಹಾಕಿ ಬಂದಿದ್ದಳು, ಕೊರಳಿನಲ್ಲಿ ಲ್ಯಾಬಿನ ಬ್ಯಾಡ್ಜು ಹಾಗೇ ಇತ್ತು.

“ಆಂಟಿ, ಪ್ಲೀಸ್. ಅಮ್ಮನಿಗೆ ಆ ವರ್ಡ್ ಬೇಡ. ಗಡ್ಡೆ ಅನ್ನಿ. ಸುಳ್ಳೇನಲ್ಲವಲ್ಲ, ಗಡ್ಡೆನೇ ತಾನೆ?”

ಸುಳ್ಳಲ್ಲ, ನಿಜ. ಡಾಕ್ಟರು ವಾಪಸು ಬಂದು ಕ್ಯಾನ್ಸರ್ ಎಂಬ ಶಬ್ದವನ್ನು ಮೂರು ಸಲ ಬಳಸಿದರು, ನಾನು ಮೂರು ಸಲವೂ ಗಡ್ಡೆ ಎಂದೆ. ಅವರ ಇಂಗ್ಲಿಷ್ ಉಚ್ಚಾರದಲ್ಲಿ ಆ ಶಬ್ದ ಅಮ್ಮನಿಗೆ ತಿಳಿಯಿತೋ ಇಲ್ಲವೋ. ಅಮ್ಮ ಕೇಳಿದರು, “ಕೆಟ್ಟ ಗಡ್ಡೆಯಾ?”

ಆ ಪ್ರಶ್ನೆ ಡಾಕ್ಟರಿಗೆ ಕೇಳಿದ್ದು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಿತ್ತು. ತಿರುಗಿಸಲಿಲ್ಲ. “ಔಷಧ ಉಂಟಂತೆ ಅಮ್ಮಾ,” ಎಂದು ನಾನೇ ಉತ್ತರ ಕೊಟ್ಟೆ. ಡಾಕ್ಟರು, ಅವರು ಏನು ಕೇಳಿದರು ಎಂದರು. ಔಷಧದ ಬಗ್ಗೆ ಕೇಳಿದರು ಎಂದೆ. ಎಲ್ಲ ಸೇರಿ ಎಂಟು ಹತ್ತು ಸೆಕೆಂಡು ಹಿಡಿದಿರಬಹುದು. ಹೊರಡುವಾಗ ಮಗಳು ನನ್ನ ಕೈ ಹಿಡಿದು ಎರಡು ಸಲ ಒತ್ತಿದಳು. ಬಹಳ ದಿನಗಳ ಮೇಲೆ ಒಬ್ಬರು ನನ್ನನ್ನು ಮುಟ್ಟಿದ್ದು ಅದು. ಫೋನ್ ನಂಬರ್ ಕೇಳಿದಳು, ಕೊಟ್ಟೆ.

ಭಾನುವಾರ ಊಟಕ್ಕೆ ಕರೆದರು.

ಅವರ ಮನೆ ನನ್ನಲ್ಲಿಂದ ಕಾರಿನಲ್ಲಿ ಹದಿನೈದು ನಿಮಿಷ. ಅಳಿಯ ಸ್ಯಾನ್ ಮಟಿಯೋದಲ್ಲಿ ಇಂಜಿನಿಯರ್, ಮಾತು ಕಡಿಮೆ. ಹನ್ನೊಂದು ವರ್ಷದ ಮೊಮ್ಮಗಳು ಅಜ್ಜಿ ಹೇಳಿದ್ದನ್ನೆಲ್ಲ ಅರ್ಥಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಅಮ್ಮ ಹಿತ್ತಿಲ ಕಾಂಕ್ರೀಟಿನ ಮೇಲೆ ಕುಂಡದಲ್ಲಿ ಬಸಳೆ ಬೆಳೆಸಿದ್ದರು. ಚೀನೀಯರ ಅಂಗಡಿಯಿಂದ ತರಿಸಿದ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಮಾಡಿದ್ದರು. ತಾವು ಎರಡು ತುತ್ತು ತಿಂದು, ಎದುರು ಕೂತು ನನ್ನ ತಟ್ಟೆಯನ್ನು ನೋಡುತ್ತಿದ್ದರು.

“ಮುಳ್ಳು ಬಿಡಿಸಿ ತಿನ್ನು ಮಗಾ, ಅವಸರ ಎಂತದು? ನಿನಗೆ ಅಲ್ಲಿ ಯಾರು ಕಾಯ್ತಿದ್ದಾರೆ?”

ತಮಾಷೆಗೆ ಹೇಳಿದ್ದು. ನಮ್ಮ ಕಡೆ ಪ್ರೀತಿಯಿಂದ ಕರೆಯುವಾಗ ಹೆಣ್ಣುಮಕ್ಕಳನ್ನೂ ಮಗಾ ಎನ್ನುತ್ತಾರೆ. ನನಗೆ ಆಗ ಐವತ್ತೊಂಬತ್ತು. ಹಾಗೆ ಕರೆಯುವವರು ತೀರಿಹೋಗಿ ಇಪ್ಪತ್ತು ವರ್ಷವಾಗಿತ್ತು. ಆ ಭಾನುವಾರದ ನಂತರದ ಭಾನುವಾರವೂ ಹೋದೆ, ಅದರ ನಂತರದ್ದೂ. ಆಮೇಲೆ ಕರೆಯುವುದನ್ನು ಅವರು ಬಿಟ್ಟರು. ನಾನು ಬರುತ್ತೇನೆ ಎಂಬುದು ಗೊತ್ತೇ ಇರುತ್ತಿತ್ತು. ಸೋಮವಾರದಿಂದ ಶನಿವಾರದವರೆಗಿನ ದಿನಗಳನ್ನು ನಾನು ಭಾನುವಾರದ ಕಡೆಗೆ ಎಣಿಸತೊಡಗಿದೆ.

ಆಸ್ಪತ್ರೆಯಲ್ಲಿ ನನ್ನ ಕುರ್ಚಿ ಆ ತಿಂಗಳಲ್ಲೇ ಅಮ್ಮನ ಪಕ್ಕಕ್ಕೆ ಬಂದಿತು. ಅಮ್ಮನೇ ಎಳೆದುಕೊಂಡರು, “ಹಿಂದೆ ಯಾಕೆ ಕೂರ್ತಿ, ಪೊಲೀಸಿನವರ ಹಾಗೆ?” ಎಂದು. ಕೈ ಹಿಡಿದುಕೊಂಡು ಕೂರುತ್ತಿದ್ದೆವು. ಡಾಕ್ಟರು ಮಾತಾಡುವಾಗ ನನ್ನನ್ನು ನೋಡತೊಡಗಿದರು. ನಾನು ಅದನ್ನು ಗಮನಿಸಿದ್ದೆ.

ಅಮ್ಮನ ಆಸೆಯೊಂದು ನಮಗೆಲ್ಲ ಗೊತ್ತಿತ್ತು. ಕಾರ್ಕಳದಲ್ಲಿ ಅವರ ಅಕ್ಕ ಇದ್ದರು, ಎಂಬತ್ತನಾಲ್ಕು ವರ್ಷ. ತಾಯಿ ಬೇಗ ಹೋದದ್ದರಿಂದ ಅಮ್ಮನನ್ನು ಬೆಳೆಸಿದ್ದು ಆ ಅಕ್ಕ. ಅವರಿಗೆ ಕಿವಿ ಪೂರ್ತಿ ಹೋಗಿತ್ತು. ಫೋನು ಮಾಡಿದರೆ ಸ್ವಲ್ಪ ಹೊತ್ತು ‘ಯಾರು, ಯಾರು’ ಎಂದು ಕೇಳಿ ಇಟ್ಟುಬಿಡುತ್ತಿದ್ದರು. ವಿಡಿಯೋದಲ್ಲಿ ಮುಖ ಕಂಡರೆ ಅತ್ತುಬಿಡುತ್ತಿದ್ದರು.

“ಅವಳ ಹತ್ರ ಮಾತಾಡ್ಲಿಕ್ಕೆ ಎಂತ ಉಂಟು,” ಎನ್ನುತ್ತಿದ್ದರು ಅಮ್ಮ. “ಒಂದು ವಾರ ಪಕ್ಕದಲ್ಲಿ ಕೂತು ಬರ್ಬೇಕು, ಅಷ್ಟೇ. ಅವಳು ಬೈತಾಳೆ, ನಾನು ಕೇಳ್ತೇನೆ. ನಾನು ಬೈತೇನೆ, ಅವಳಿಗೆ ಕೇಳುದಿಲ್ಲ.”

ಫೆಬ್ರವರಿಯ ಕೊನೆಯಲ್ಲಿ ಹೊಸ ಸ್ಕ್ಯಾನ್ ಚಿತ್ರಗಳು ಬಂದವು. ಔಷಧ ಸೂಜಿಯಲ್ಲಿ ಎರಡು ವಾರಕ್ಕೊಮ್ಮೆ ಹೋಗುತ್ತಿತ್ತು, ಆದರೂ ಗಡ್ಡೆ ಬೆಳೆದಿತ್ತು. ಡಾಕ್ಟರು ಆ ದಿನ ನಿಧಾನವಾಗಿ, ವಾಕ್ಯ ವಾಕ್ಯಕ್ಕೂ ನಿಂತು ಮಾತಾಡಿದರು. ಬೇರೆ ಔಷಧಕ್ಕೆ ಬದಲಾಯಿಸಬಹುದು, ಅದರಿಂದ ಕೆಲವು ತಿಂಗಳು ಹೆಚ್ಚು ಸಿಗಬಹುದು, ಸಿಗದೆಯೂ ಹೋಗಬಹುದು. ಆಮೇಲೆ ಹೇಳಿದರು: ದೂರ ಪ್ರಯಾಣ ಮಾಡುವ ಆಸೆಯಿದ್ದರೆ ಅದಕ್ಕೆ ಸಮಯ ಈಗ, ಮುಂದಿನ ಆರು ವಾರಗಳ ಒಳಗೆ. ಹೊಸ ಔಷಧ ಶುರುಮಾಡಿದರೆ ಆರು ವಾರದ ನಂತರ ವಿಮಾನ ಹತ್ತುವ ಶಕ್ತಿ ಇರುತ್ತದೆಂದು ಖಚಿತವಾಗಿ ಹೇಳಲಾಗದು.

ಮಗಳು ನನ್ನನ್ನು ನೋಡಿದಳು. ಬೇಡ ಎಂದು ತಲೆಯನ್ನು ಎಷ್ಟು ಸಣ್ಣಗೆ ಆಡಿಸಿದಳೆಂದರೆ ಬೇರೆಯವರಿಗೆ ಕಂಡಿರಲಾರದು.

ಅವಳನ್ನು ಕೆಟ್ಟವಳೆಂದು ಯಾರೂ ತಿಳಿಯಬಾರದು. ಅಮ್ಮ ಊರಿಗೆ ಹೋದರೆ ದಾರಿಯಲ್ಲೇ ಏನಾದರೂ ಆದೀತೆಂದು ಅವಳಿಗೆ ಭಯವಿತ್ತು. ಲ್ಯಾಬಿನಲ್ಲಿ ಜನರನ್ನು ಕೆಲಸದಿಂದ ತೆಗೆಯುತ್ತಿದ್ದರು, ಜೂನಿನ ತನಕ ರಜೆ ಕೇಳುವಂತಿರಲಿಲ್ಲ. ಹೋಗುವುದಾದರೆ ಈಗಲೇ ಎಂಬ ಮಾತು ಕಿವಿಗೆ ಬಿದ್ದರೆ ಅಮ್ಮ ಮರುದಿನವೇ ಟಿಕೆಟ್ ಕೇಳುತ್ತಿದ್ದರು. ಇದೆಲ್ಲವನ್ನೂ ಅವಳು ಹಿಂದಿನ ಭಾನುವಾರ ಪಾತ್ರೆ ತೊಳೆಯುತ್ತ ನನಗೆ ಹೇಳಿಕೊಂಡಿದ್ದಳು. “ಹೇಗಾದರೂ ಮೆತ್ತಗೆ ಹೇಳಿ ಆಂಟಿ. ನಿಮಗೆ ಅದು ಬರುತ್ತೆ.”

ನಾನು ಔಷಧ ಬದಲಾಯಿಸುವ ವಿಷಯ ಹೇಳಿದೆ. ಕೆಲವು ತಿಂಗಳ ವಿಷಯವನ್ನು ‘ನಿಧಾನವಾಗಿ ಗುಣ ಕಾಣ್ತದಂತೆ’ ಎಂದೆ. ಆರು ವಾರದ ವಾಕ್ಯವನ್ನು ಬಿಟ್ಟೆ. ಒಂದೇ ವಾಕ್ಯ. ಡಾಕ್ಟರ ಮಾತಿಗಿಂತ ನನ್ನ ಮಾತು ಚಿಕ್ಕದಾದದ್ದು ಅವರಿಗೆ ತಿಳಿಯಬಾರದೆಂದು, ನೀರು ಹೆಚ್ಚು ಕುಡಿಯಬೇಕಂತೆ, ಗಂಜಿ ಉಣ್ಣಬೇಕಂತೆ ಎಂದು ನನ್ನದೇ ಎರಡು ವಾಕ್ಯ ಸೇರಿಸಿದೆ. ಆ ಎರಡು ವಾಕ್ಯಗಳು ಎಷ್ಟು ಸಲೀಸಾಗಿ ಬಂದವೆಂಬುದು ನನಗೆ ಮನೆಗೆ ಹೋಗುವಾಗ ಫ್ರೀವೇಯಲ್ಲಿ ಹೊಳೆಯಿತು. ಸ್ವರ ನಡುಗಲಿಲ್ಲ. ಜನವರಿಯಲ್ಲಿ ಗಡ್ಡೆ ಎನ್ನುವಾಗ ನಡುಗಿತ್ತು.

ಮುಂದಿನ ಭೇಟಿ ಮಾರ್ಚಿನ ಮೊದಲ ಗುರುವಾರ. ಇದನ್ನು ನಾನು ಆದಷ್ಟು ಸರಿಯಾಗಿ ಬರೆಯಬೇಕು.

ಡಾಕ್ಟರಿಗೆ ಏನೋ ಅನುಮಾನ ಬಂದಿರಬೇಕು. ಆರು ವಾರ ಎಂದು ಅವರು ಹೇಳಿದ ಮೇಲೂ ಅಮ್ಮ ನಗುತ್ತ, ಗಂಜಿಯ ಬಗ್ಗೆ ಮಾತಾಡುತ್ತ ಹೋಗಿದ್ದರಲ್ಲ. ಆ ದಿನ ಅವರು ಮಗಳನ್ನು, ಸ್ವಲ್ಪ ಹೊತ್ತು ಹೊರಗಿರುತ್ತೀರಾ, ನಿಮ್ಮ ತಾಯಿಯ ಹತ್ತಿರ ಒಬ್ಬನೇ ಮಾತಾಡಬೇಕು ಎಂದು ಕೇಳಿದರು. ಅವಳು ಕಾಫಿ ತರಲು ಕೆಳಗೆ ಹೋದಳು. ಕೋಣೆಯಲ್ಲಿ ನಾವು ಮೂವರಿದ್ದೆವು. ಡಾಕ್ಟರು ಸ್ಟೂಲನ್ನು ಹತ್ತಿರ ಎಳೆದು, ಕಂಪ್ಯೂಟರಿಗೆ ಬೆನ್ನು ಹಾಕಿ ಕೂತು, ಅಮ್ಮನ ಕಣ್ಣನ್ನೇ ನೋಡುತ್ತ ಕೇಳಿದರು: ಇನ್ನು ಮುಂದಿನ ದಿನಗಳಲ್ಲಿ ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು? ನೀವು ಹೇಳಿದ ಹಾಗೆ ನಾನು ಮಾಡುತ್ತೇನೆ.

ಇಷ್ಟನ್ನು ನಾನು ಅಮ್ಮನಿಗೆ ಸರಿಯಾಗಿಯೇ ಹೇಳಿದೆ. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಆಮೇಲೆ ಹೇಳಿದರು:

“ನನಗೆ ಈ ಸೂಜಿ ಸಾಕು. ಇದರಿಂದ ಎಂತ ಆಗುದಿಲ್ಲ ಅಂತ ನನಗೆ ಗೊತ್ತುಂಟು. ನನ್ನನ್ನು ಊರಿಗೆ ಕಳಿಸ್ಲಿಕ್ಕೆ ಹೇಳಿ. ಅಕ್ಕನ ಹತ್ರ ಒಂದು ವಾರ ಕೂರ್ಬೇಕು. ಮತ್ತೆ ಆದದ್ದಾಗ್ಲಿ. ಇದು ನನ್ನ ಮಗಳಿಗೆ ಹೇಳ್ಲಿಕ್ಕೆ ನನಗೆ ಆಗುದಿಲ್ಲ, ಅವಳು ಅಳ್ತಾಳೆ. ನೀವೇ ಹೇಳಿ.”

ಡಾಕ್ಟರು ನನ್ನ ಕಡೆ ನೋಡಿದರು. ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇದು: “ನನಗೆ ಅಕ್ಕನನ್ನು ನೋಡುವ ಆಸೆಯಿದೆ. ಅದಕ್ಕಾಗಿ ಔಷಧ ಮುಂದುವರಿಸಿ ಶಕ್ತಿ ಬರಿಸಿಕೊಳ್ಳುತ್ತೇನೆ. ಶಕ್ತಿ ಬಂದ ಮೇಲೆ ಹೋಗುತ್ತೇನೆ.”

ನಾನು, ನಾನು ಎಂದು ಮೂರು ಸಲ ಅವರ ಬಾಯಿಯಾಗಿ ಹೇಳಿದೆ.

ಡಾಕ್ಟರು ತಲೆಯಾಡಿಸಿದರು. ಅವರ ಮುಖದಲ್ಲಿ ಸ್ವಲ್ಪ ಆಶ್ಚರ್ಯವೂ ಗೌರವವೂ ಇತ್ತು. ಖಚಿತವಾ ಎಂದು ಅಮ್ಮನನ್ನೇ ನೋಡಿ ಕೇಳಿದರು. ಅವರ ಮುಖಭಾವದಿಂದ ತನ್ನ ಮಾತಿಗೆ ಒಪ್ಪಿದರೆಂದು ತಿಳಿದು ಅಮ್ಮ ನಕ್ಕು ತಲೆಯಾಡಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಡಾಕ್ಟರು ತಿರುಗಿ ಕಂಪ್ಯೂಟರಿನಲ್ಲಿ ಬರೆದುಕೊಂಡರು.

“ಆಯ್ತಂತಾ?” ಅಮ್ಮ ನನ್ನ ಕೈ ಹಿಡಿದು ಕೇಳಿದರು.

“ಆಯ್ತಂತೆ. ಸ್ವಲ್ಪ ಶಕ್ತಿ ಬರ್ಲಿ, ಮತ್ತೆ ಕಳಿಸ್ತೇನೆ ಅಂದರು.”

ಯಾಕೆ ಹಾಗೆ ಮಾಡಿದೆ? ಈ ಪ್ರಶ್ನೆಯನ್ನು ನನಗೆ ನಾನೇ ಎಷ್ಟೋ ಸಲ ಹಾಕಿಕೊಂಡಿದ್ದೇನೆ. ಮೊದಲು ಸಿಕ್ಕ ಉತ್ತರ, ಮಗಳ ಮೇಲಿನ ಕನಿಕರ. ಅದು ಬಹಳ ದಿನ ಸಾಕಾಗಿತ್ತು. ಆಮೇಲೆ ಸಿಕ್ಕಿದ್ದು ಭಯ: ಅಮ್ಮನ ಮಾತನ್ನು ಹಾಗೇ ತಿರುಗಿಸಿದ್ದರೆ, ಹಿಂದಿನ ಸಲ ಆರು ವಾರ ಎಂದಿದ್ದೆನಲ್ಲ ಎಂದು ಡಾಕ್ಟರು ಹೇಳುತ್ತಿದ್ದರು, ನಾನು ಬಿಟ್ಟ ವಾಕ್ಯ ಹೊರಗೆ ಬರುತ್ತಿತ್ತು. ಆ ವಾಕ್ಯವನ್ನು ಮುಚ್ಚಲು ಇನ್ನೊಂದು ಬೇಕಾಯಿತು. ಇದೂ ನಿಜವೇ. ಆದರೆ ಅದರ ಕೆಳಗೆ ಇನ್ನೊಂದು ಇತ್ತು. ಅಮ್ಮ ಹೋದರೆ ಭಾನುವಾರ ಹೋಗುತ್ತಿತ್ತು. ಆ ಕೋಣೆಯಲ್ಲಿ, ಬಾಯಿ ತೆರೆಯುವ ಮೊದಲಿನ ಆ ಒಂದು ಕ್ಷಣದಲ್ಲಿ, ನನಗೆ ಕಂಡದ್ದು ಅವರ ಮನೆಯ ಅಡುಗೆಮನೆಯ ಮೇಜು. ನನ್ನನ್ನು ಯಾರೂ ಒತ್ತಾಯಿಸಿರಲಿಲ್ಲ. ಮಗಳು ಕೆಳಗೆ ಕಾಫಿಯ ಸಾಲಿನಲ್ಲಿ ನಿಂತಿದ್ದಳು.

ಪಾಪ ಎಂದರೆ ಮಾಡುವಾಗ ಗೊತ್ತಾಗುವಂಥದ್ದು ಎಂದು ನಾನು ತಿಳಿದಿದ್ದೆ. ಆ ದಿನ ನನಗೆ ಅನ್ನಿಸಿದ್ದು ಒಂದು ಕಷ್ಟದ ಅಪಾಯಿಂಟ್‌ಮೆಂಟನ್ನು ಚೆನ್ನಾಗಿ ಮುಗಿಸಿಕೊಟ್ಟೆ ಎಂದು. ಮಗಳು ಮೂರು ಕಾಫಿ ತಂದಿದ್ದಳು. ನಾನು ಕುಡಿದೆ.

ಅಮ್ಮ ಮರುದಿನವೇ ಸೂಟ್‌ಕೇಸು ತೆಗೆಸಿದರು. ಮಗಳಿಗೆ, “ಡಾಕ್ಟ್ರು ಒಪ್ಪಿದ್ದಾರೆ, ಶಕ್ತಿ ಬಂದ ಕೂಡಲೇ,” ಎಂದರು. ಮಗಳಿಗೆ ನಾನು ಆಗಲೇ, ಅಮ್ಮನೇ ಔಷಧ ಮುಂದುವರಿಸಬೇಕೆಂದು ಡಾಕ್ಟರ ಎದುರು ಹೇಳಿದರು ಎಂದು ತಿಳಿಸಿದ್ದೆ. ಹಾಗಾಗಿ ತಾಯಿಯ ಮಾತಿನಲ್ಲಿ ಅವಳಿಗೆ ವಿಚಿತ್ರವೇನೂ ಕಾಣಲಿಲ್ಲ. ಅವಳು ಜೂನಿಗೆ ಟಿಕೆಟ್ ನೋಡತೊಡಗಿದಳು. ಮನೆಯಲ್ಲಿ ಎಲ್ಲರೂ ಹಗುರವಾಗಿದ್ದರು.

ಅಂಗಡಿಗೆ ಅಮ್ಮನನ್ನು ಕರೆದುಕೊಂಡು ಹೋದವಳು ನಾನೇ. ಸಗಟಿನ ದೊಡ್ಡ ಅಂಗಡಿ ಅದು. ಅವರು ಗಾಲಿಕುರ್ಚಿಯಲ್ಲಿ, ಮಡಿಲಲ್ಲಿ ಚೀಲ. ಅಕ್ಕನಿಗೆಂದು ಬಾದಾಮಿ ಎರಡು ಪ್ಯಾಕೆಟ್, ಮಂಡಿಗೆ ಹಚ್ಚುವ ಮುಲಾಮು, ಒಂದು ಮೆತ್ತನೆಯ ಹೊದಿಕೆ. ಹೊದಿಕೆಯ ಮುಂದೆ ಬಹಳ ಹೊತ್ತು ನಿಂತೆವು. ನೀಲಿಯೋ ಕಂದೋ ಎಂದು ನಿರ್ಧಾರವಾಗಲಿಲ್ಲ.

“ಅವರಿಗೆ ಹಲ್ಲಿಲ್ಲ, ಬಾದಾಮಿ ಯಾಕೆ ಅಮ್ಮ?” ಎಂದೆ.

“ತಿನ್ಲಿಕ್ಕೆ ಅಲ್ಲ ಮಾರಾಯ್ತಿ. ಪಕ್ಕದ ಮನೆಯವರಿಗೆ ತೋರಿಸ್ಲಿಕ್ಕೆ. ತಂಗಿ ಅಮೆರಿಕದಿಂದ ತಂದದ್ದು ಅಂತ ಹೇಳ್ಬೇಡ್ವಾ?”

ನಾನು ನಕ್ಕೆ. ಕಂದು ಹೊದಿಕೆಯನ್ನೇ ಗಾಡಿಗೆ ಹಾಕಿದೆ. ಆರು ವಾರದಲ್ಲಿ ಆಗ ಇನ್ನೂ ನಾಲ್ಕು ವಾರ ಉಳಿದಿತ್ತು. ಆ ಅಂಗಡಿಯಲ್ಲಿಯೂ ಹೇಳಬಹುದಿತ್ತು.

ಹೊಸ ಔಷಧ ಅಮ್ಮನನ್ನು ಮೂರೇ ಸೂಜಿಗೆ ಮಲಗಿಸಿತು. ಏಪ್ರಿಲ್ ನಡುವಿನಲ್ಲಿ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದರು. ಬಾಯಲ್ಲೆಲ್ಲ ಹುಣ್ಣು, ನೀರು ಕುಡಿದರೂ ಉರಿ. ನಾನು ದಿನವೂ ಹೋಗುತ್ತಿದ್ದೆ, ಬಹಳ ಸಲ ಕೆಲಸದ ಲೆಕ್ಕದಲ್ಲಲ್ಲ, ಸುಮ್ಮನೆ. ಒಂದು ಮಧ್ಯಾಹ್ನ ಮಗಳು ಲ್ಯಾಬಿನಲ್ಲಿದ್ದಳು, ನರ್ಸು ಬಂದು ಹೋಗಿದ್ದಳು, ಕಿಟಕಿಯಿಂದ ಬಿಸಿಲು ಹಾಸಿಗೆಯ ಕಾಲಿನವರೆಗೆ ಬಂದಿತ್ತು. ಅಮ್ಮ ಕಣ್ಣು ತೆರೆದು ನನ್ನನ್ನು ಸ್ವಲ್ಪ ಹೊತ್ತು ನೋಡಿದರು.

“ಮಗಾ, ಆವತ್ತು ನಾನು ಹೇಳಿದ್ದನ್ನ ಡಾಕ್ಟ್ರಿಗೆ ಹಾಗೇ ಹೇಳಿದ್ದಿ ಅಲ್ವಾ?”

“ಹೇಳಿದೆ ಅಮ್ಮ.”

“ಹಾಗೇ?”

“ಹಾಗೇ.”

ಅವರು ಕಣ್ಣು ಮುಚ್ಚಿಕೊಂಡರು. “ಹಾಗಾದ್ರೆ ಅವರು ಮರೆತಿರ್ಬೇಕು. ಪಾಪ, ಎಷ್ಟು ಜನರನ್ನ ನೋಡ್ಬೇಕು ಅವರು,” ಎಂದರು.

ನಂಬಿದರೋ, ನಂಬಿದ ಹಾಗೆ ಮಾಡಿ ನನ್ನನ್ನು ಬಿಟ್ಟರೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಊಹಿಸಿ ಬರೆಯುವುದಿಲ್ಲ. ಮೇ ಮೊದಲ ವಾರದಲ್ಲಿ ಅಮ್ಮ ತೀರಿಕೊಂಡರು. ಬೆಳಿಗ್ಗೆ ಒಂಬತ್ತೂವರೆಗೆ, ಆಸ್ಪತ್ರೆಯಿಂದ ಕರೆತಂದಿದ್ದ ಮಗಳ ಮನೆಯಲ್ಲಿ.

ಉತ್ತರಕ್ರಿಯೆಯ ಊಟಕ್ಕೆ ಹೋದೆ. ಬಡಿಸಿದೆ, ಪಾತ್ರೆ ತೊಳೆದೆ. ಬಂದವರಿಗೆಲ್ಲ ಮಗಳು ನನ್ನನ್ನು ತೋರಿಸಿ, “ಅಮ್ಮನಿಗೆ ಇಲ್ಲಿ ಮಾತು ಅಂತ ಇದ್ದದ್ದು ಈ ಆಂಟಿಯಿಂದಲೇ,” ಎನ್ನುತ್ತಿದ್ದಳು. ಆ ಮಾತನ್ನು ಮೂರು ಸಲ ಕೇಳಿದ ಮೇಲೆ ನಾನು ಯಾರಿಗೂ ಹೇಳದೆ ಮನೆಗೆ ಬಂದೆ. ಮುಂದಿನ ಭಾನುವಾರಗಳಲ್ಲಿ, ಮೈ ಸರಿಯಿಲ್ಲ ಎಂದೆ.

ಜೂನಿನ ಒಂದು ಶನಿವಾರ ಬೆಳಿಗ್ಗೆ ಅವಳೇ ನನ್ನ ಅಪಾರ್ಟ್‌ಮೆಂಟಿಗೆ ಬಂದಳು. ಮೊದಲ ಸಲ ಬಂದದ್ದು. ಸುತ್ತ ನೋಡಿ, “ಎಷ್ಟು ನೀಟಾಗಿದೆ ಆಂಟಿ,” ಎಂದಳು. ಒಂದೇ ಕುರ್ಚಿಯ ಮೇಜು ಅವಳಿಗೆ ಕಂಡಿತು. ಕುರ್ಚಿಯನ್ನು ಅವಳಿಗೆ ಕೊಟ್ಟು ನಾನು ಹಾಸಿಗೆಯ ಅಂಚಿನಲ್ಲಿ ಕೂತೆ. ಅವಳು ಚೀಲದಿಂದ ಅಮ್ಮನ ಒಂದು ಸೀರೆ ತೆಗೆದು ನನ್ನ ಮಡಿಲಲ್ಲಿಟ್ಟಳು. ಹಸಿರು ಅಂಚಿನ ಹತ್ತಿ ಸೀರೆ, ಆಸ್ಪತ್ರೆಗೆ ಉಟ್ಟು ಬರುತ್ತಿದ್ದದ್ದು.

“ನಿಮಗೇ ಕೊಡ್ಬೇಕು ಅನ್ನಿಸ್ತು.” ಮೂಗು ಒರೆಸಿಕೊಂಡಳು. “ನನಗೆ ಒಂದೇ ಸಮಾಧಾನ ಆಂಟಿ. ಕೀಮೋ ನಾವು ಬಲವಂತ ಮಾಡಿದ್ದಲ್ಲ. ಅಮ್ಮನೇ ಬೇಕು ಅಂದ್ರು, ಡಾಕ್ಟರ್ ಹತ್ತಿರ ತಾವೇ ಹೇಳಿದ್ರು. ಅದೊಂದು ಇಲ್ಲದಿದ್ದರೆ ನಾನು ಹುಚ್ಚಿಯಾಗ್ತಿದ್ದೆ.”

ಸೀರೆಯ ಮೇಲೆ ನನ್ನ ಕೈ ಇತ್ತು. ಸುಮ್ಮನಿದ್ದರೆ ಅವಳಿಗೆ ಒಳ್ಳೆಯದು ಎಂದು ತಕ್ಷಣ ಅನ್ನಿಸಿತು. ಗಡ್ಡೆ ಎಂದಾಗಲೂ, ಆರು ವಾರ ಬಿಟ್ಟಾಗಲೂ ಹೀಗೇ, ಅವರಿಗೆ ಒಳ್ಳೆಯದು ಎಂದೇ ಅನ್ನಿಸಿತ್ತು. ಅದೇ ಅನಿಸಿಕೆ, ಅದೇ ಬೆಚ್ಚಗಿನ ಸಲೀಸು. ಅದನ್ನು ಗುರುತಿಸಿ ನನಗೆ ಹೆದರಿಕೆಯಾಯಿತು.

ಹೇಳಿದೆ. ಮಾರ್ಚಿನ ಆ ಗುರುವಾರ ಅಮ್ಮ ಏನು ಹೇಳಿದರು, ನಾನು ಇಂಗ್ಲಿಷಿನಲ್ಲಿ ಏನು ಹೇಳಿದೆ, ಎರಡನ್ನೂ ಹೇಳಿದೆ. ಮಗಳಿಗೆ ಹೇಳಲು ಆಗುವುದಿಲ್ಲ, ನೀವೇ ಹೇಳಿ ಎಂದು ಡಾಕ್ಟರನ್ನು ಕೇಳಿಕೊಂಡದ್ದನ್ನೂ ಹೇಳಿದೆ. ಭಾನುವಾರದ ಮೇಜಿನ ವಿಷಯ ಹೇಳಲು ಬಾಯಿ ತೆರೆದು ನಿಲ್ಲಿಸಿದೆ. ಅದನ್ನು ಹೇಳಿದರೆ ಕನಿಕರ ಬೇಡಿದ ಹಾಗಾಗುತ್ತಿತ್ತು.

ಹೊರಗೆ ರೈಲು ಬಂದು ನಿಂತು ಹೋಯಿತು.

“ನಾನು ಮೆತ್ತಗೆ ಹೇಳಿ ಅಂದೆ,” ಎಂದಳು. “ಇದನ್ನ ಹೇಳಿ ಅನ್ಲಿಲ್ಲ.”

“ಇಲ್ಲ. ನೀನು ಹೇಳಲಿಲ್ಲ.”

“ನಾನು ಕಾಫಿ ತರ್ತಾ ಇದ್ದೆ.” ಯಾರಿಗೋ ವರದಿ ಒಪ್ಪಿಸುವವಳಂತೆ ಹೇಳಿದಳು. “ನಿಮಗೆ ಸಕ್ಕರೆ ಬೇಡ ಅಂತ ನೆನಪಿಟ್ಕೊಂಡು ತಂದಿದ್ದೆ.”

ಆಮೇಲೆ, “ದೊಡ್ಡಮ್ಮನಿಗೆ ನಾನೇನು ಹೇಳ್ಲಿ?” ಎಂದಳು. ಸಾವಿನ ಸುದ್ದಿ ಮುಟ್ಟಿದ ದಿನ ಅಮ್ಮನ ಅಕ್ಕ ಒಂದೇ ಪ್ರಶ್ನೆ ಕೇಳಿದ್ದರಂತೆ: ಅವಳು ಯಾಕೆ ಬರಲಿಲ್ಲ? ‘ಅಮ್ಮನೇ ಇಲ್ಲಿ ಚಿಕಿತ್ಸೆ ಬೇಕು ಎಂದರು’ ಎಂದು ಇವಳು ಹೇಳಿದ್ದನ್ನು ಅಲ್ಲಿ ಮನೆಯವರು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅವರಿಗೆ ತೋರಿಸಿದ್ದರಂತೆ. ಅವರು ಆ ಕಾಗದವನ್ನು ಮಡಚಿ ಇಟ್ಟುಕೊಂಡಿದ್ದಾರಂತೆ.

ಅದು ನನಗೆ ಗೊತ್ತಿರಲಿಲ್ಲ. ನಾನು ಒಂದು ಕೋಣೆಯಲ್ಲಿ, ಒಬ್ಬ ಡಾಕ್ಟರಿಗೆ ಹೇಳಿದ ಮಾತು ಅಷ್ಟು ದೂರ ಹೋಗಿ, ಒಬ್ಬ ಮುದುಕಿಯ ಕೈಯಲ್ಲಿ ಕಾಗದವಾಗಿ ಕೂತಿತ್ತು.

ಮಗಳು ಎದ್ದಳು. ನನ್ನ ಮಡಿಲಿನಿಂದ ಸೀರೆಯನ್ನು ತೆಗೆದುಕೊಂಡು, ಮಡಿಕೆ ಸರಿಮಾಡಿ, ಚೀಲಕ್ಕೆ ಹಾಕಿಕೊಂಡಳು. ಕೋಪದಿಂದ ಎಳೆಯಲಿಲ್ಲ, ನಿಧಾನವಾಗಿಯೇ ತೆಗೆದುಕೊಂಡಳು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, “ನೀವು ಇನ್ನು ಮನೆಗೆ ಬರ್ಬೇಡಿ ಆಂಟಿ,” ಎಂದಳು. ಅಷ್ಟಾದರೂ ಆಂಟಿ ಎಂದಳು.

ಸೋಮವಾರ ಆಸ್ಪತ್ರೆಗೆ ಹೋಗಿ ದುಭಾಷಿಗಳನ್ನು ನೋಡಿಕೊಳ್ಳುವ ಹೆಂಗಸಿಗೆ ಎಲ್ಲವನ್ನೂ ತಿಳಿಸಿದೆ. ಅವಳು ಬೈಯಲಿಲ್ಲ. ಯಾವ ದಿನ, ಯಾವ ಮಾತು, ಯಾರು ಕೋಣೆಯಲ್ಲಿದ್ದರು ಎಂದು ಬರೆದುಕೊಡಲು ಹೇಳಿದಳು. ಬರೆದುಕೊಟ್ಟೆ, ಬ್ಯಾಡ್ಜು ಒಪ್ಪಿಸಿದೆ. ಡಾಕ್ಟರಿಗೆ ತಿಳಿಸುತ್ತೇವೆ ಎಂದಳು. ಕಾರಿಡಾರಿನಲ್ಲಿ ಅವರು ಎದುರಾಗಬಹುದೆಂದು ಮೆಟ್ಟಿಲಿನಿಂದ ಇಳಿದು ಬಂದೆ.

ಆ ಬೇಸಿಗೆಯಲ್ಲಿ ಮಗಳು ಕಾರ್ಕಳಕ್ಕೆ ಹೋದಳು. ನನಗೆ ತಿಳಿದದ್ದು ಆಗಸ್ಟಿನಲ್ಲಿ ಬಂದ ಒಂದು ಮೆಸ್ಸೇಜಿನಿಂದ. ‘ದೊಡ್ಡಮ್ಮನ ಹತ್ತಿರ ಒಂದು ವಾರ ಇದ್ದು ಬಂದೆ. ಬರೆದು ತೋರಿಸಿದೆ.’ ಅಷ್ಟೇ ಇತ್ತು.

ಅವರು ಓದಿ ಏನೆಂದರು ಎಂದು ಕೇಳಲು ಬರೆದೆ, ಅಳಿಸಿದೆ. ಮತ್ತೆ ಬರೆದೆ, ಕಳಿಸಲಿಲ್ಲ. ಕೇಳುವ ಹಕ್ಕು ನನಗಿಲ್ಲ ಎಂಬುದು ಗೊತ್ತಿದ್ದೂ, ಆ ಮೆಸ್ಸೇಜಿನ ಕೆಳಗೆ ಇನ್ನೊಂದು ಬರಬಹುದೆಂದು ನೋಡುತ್ತಿದ್ದೆ. ಬರಲಿಲ್ಲ. ಬರಬೇಕಾಗಿಯೂ ಇಲ್ಲ. ಆ ಮುದುಕಿ ಓದಿ ಅತ್ತರೋ, ಬೈದರೋ, ತಂಗಿ ಬರಲು ಬಯಸಿದ್ದಳು ಎಂದು ಸ್ವಲ್ಪವಾದರೂ ಸಮಾಧಾನಪಟ್ಟರೋ, ಅದು ಆ ಮನೆಯವರ ಮಾತು. ಅದನ್ನು ನನಗೆ ತಿಳಿಸಬೇಕಾದವರು ಯಾರೂ ಇಲ್ಲ.